ಒಂದೇ ನಲ್ಲಿ, ಮೂರು ನೀರು

ಮನೆಯ ಅಕ್ವೇರಿಯಂನಲ್ಲಿ ಮೀನು ಸತ್ತರೆ ಬೆಂಗಳೂರಿನವರು ಮೊದಲು ಬೈಯುವುದು ಕ್ಲೋರಿನ್ನನ್ನು. "ನಿನ್ನೆ ತಾನೇ ನೀರು ಬದಲಿಸಿದ್ದೆ ಸಾರ್, ಬೆಳಿಗ್ಗೆ ಎದ್ದು ನೋಡಿದ್ರೆ ಎಲ್ಲಾ ಮೇಲೆ ತೇಲ್ತಾ ಇವೆ." ರಸೆಲ್ ಮಾರ್ಕೆಟ್ ಸುತ್ತಮುತ್ತಲಿನ ಮೀನಿನ ಅಂಗಡಿಗಳಲ್ಲಿ ಯಾವ ಭಾನುವಾರ ಹೋಗಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯವನು ಸಂತಾಪ ಸೂಚಿಸಿ ಆ್ಯಂಟಿ-ಕ್ಲೋರಿನ್ ಬಾಟಲಿಯನ್ನು ಮುಂದಿಡುತ್ತಾನೆ, ಜೊತೆಗೆ ಹೊಸ ಜೋಡಿ ಮೀನನ್ನೂ. ವ್ಯಾಪಾರ ಮುಗಿಯಿತು.

ಕ್ಲೋರಿನ್ ಪರವಾಗಿ ವಕಾಲತ್ತು ವಹಿಸಲು ನಾನು ಹೊರಟಿಲ್ಲ. ಕುಡಿಯುವ ನೀರಿನ ನಮ್ಮ ಮಾನದಂಡ ಐಎಸ್ 10500 ಹೇಳುವಂತೆ, ಬಳಕೆದಾರರ ನಲ್ಲಿ ತಲುಪಿದಾಗಲೂ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಏರಿ ಬರುವ ಕಾವೇರಿ ದಾರಿಯಲ್ಲಿ ಕೆಡಬಾರದಲ್ಲ. ಆದರೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸಿಹಿನೀರಿನ ಜೀವಿಗಳಿಗೆಂದು 1984ರಲ್ಲಿ ಎಳೆದ ಗೆರೆ ಇರುವುದು ಲೀಟರಿಗೆ 0.019 ಮಿಲಿಗ್ರಾಂನಲ್ಲಿ. ಅದೂ ಒಂದು ಗಂಟೆಯ ಲೆಕ್ಕಕ್ಕೆ. ದಿನಗಟ್ಟಲೆ ಇರುವುದಾದರೆ 0.011. ನಮಗೆ ಕನಿಷ್ಠ ಎನಿಸಿದ್ದು ಮೀನಿಗೆ ಹತ್ತು ಪಟ್ಟು ಜಾಸ್ತಿ. ನಾವು ಕುಡಿದ ಕ್ಲೋರಿನ್ ಹೊಟ್ಟೆಯಲ್ಲೇ ತಣ್ಣಗಾಗುತ್ತದೆ. ಮೀನಿನ ಕಿವಿರಿನಲ್ಲಿ ರಕ್ತಕ್ಕೂ ನೀರಿಗೂ ನಡುವೆ ಇರುವುದು ಬರಿಯ ತೆಳುಪೊರೆ. ಕ್ಲೋರಿನ್ ಸುಡುವುದು ಅದನ್ನೇ.

ಆದರೂ ಇಷ್ಟು ಸುಲಭವಾಗಿ ಮಣಿಯುವ ಶತ್ರು ಮತ್ತೊಂದಿಲ್ಲ. ಸೋಡಿಯಂ ಥಯೋಸಲ್ಫೇಟ್, ಹಳೆಯ ಫೋಟೊ ಸ್ಟುಡಿಯೊದವರ ಬಾಯಲ್ಲಿ ಹೈಪೊ, ಅದನ್ನು ಕ್ಷಣಗಳಲ್ಲಿ ಮುಗಿಸುತ್ತದೆ. ಅಂಗಡಿಯ ಆ್ಯಂಟಿ-ಕ್ಲೋರಿನ್ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದೂ ಇದೇ. ಪ್ರಯೋಗಾಲಯದ ಸಾಮಾನು ಮಾರುವಲ್ಲಿ ಹರಳುಗಳನ್ನೇ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ನೂರು ಗ್ರಾಂ ಹರಳನ್ನು ಕರಗಿಸಿ ಒಟ್ಟು ಒಂದು ಲೀಟರ್ ದ್ರಾವಣ ಮಾಡಿಟ್ಟುಕೊಳ್ಳಿ. ಒಂದು ಮಿಲಿಗ್ರಾಂ ಕ್ಲೋರಿನ್ನಿಗೆ ಏಳು ಮಿಲಿಗ್ರಾಂ ಹೈಪೊ ಎಂಬುದು ಬಳಕೆಯ ಲೆಕ್ಕ. 20 ಲೀಟರಿನ ಬಕೆಟ್ಟಿಗೆ, ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಇದೆಯೆಂದು ಧಾರಾಳವಾಗಿ ಹಿಡಿದರೂ, ಒಂದೂವರೆ ಎಂಎಲ್ ಸಾಕು. ಸೂಜಿ ತೆಗೆದ ಸಿರಿಂಜಿನಲ್ಲಿ ಎರಡು ಎಂಎಲ್ ಹಾಕಿ ಕಲಕಿ. ತುಸು ಹೆಚ್ಚಾದರೆ ಅಪಾಯವಿಲ್ಲ. ಹಾಕಬೇಕಾದದ್ದು ಬಕೆಟ್ಟಿಗೆ, ಮೀನಿರುವ ತೊಟ್ಟಿಗಲ್ಲ. ಇನ್ನು, ಕೆಲವರು ಎಲ್ಲ ರೋಗಕ್ಕೂ ಸುರಿಯುವ ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಬೂಷ್ಟಿಗೆ ಮದ್ದೇ ಹೊರತು ಕ್ಲೋರಿನ್ ತೆಗೆಯುವ ಸಾಧನವಲ್ಲ. ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಅದರಿಂದ ಪೆಟ್ಟು.

ಹೈಪೊ ಬೇಡ, ನೀರನ್ನು ಒಂದು ದಿನ ಹಿಡಿದಿಡುತ್ತೇನೆ ಎನ್ನುವ ಹಳಬರ ಪದ್ಧತಿಯೂ ನಮ್ಮ ಊರಿನ ಮಟ್ಟಿಗೆ ಸರಿಯೇ. ಬಾಯಿ ಅಗಲವಿರುವ ಪಾತ್ರೆ, ಮುಚ್ಚಳವಿಲ್ಲ, ಒಳಗೆ ಏರ್ ಸ್ಟೋನ್ ಗುಳುಗುಳು ಅನ್ನುತ್ತಿದ್ದರೆ ಇನ್ನೂ ಒಳ್ಳೆಯದು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡಿಗರು ಮಾತ್ರ ಇದನ್ನು ನಂಬಬಾರದು. ಸ್ಯಾನ್ ಫ್ರಾನ್ಸಿಸ್ಕೊ ನಗರ 2004ರಿಂದ ಕ್ಲೋರಿನ್ ಬದಲು ಕ್ಲೋರಮೈನ್ ಬಳಸುತ್ತಿದೆ. ಅದು ಕ್ಲೋರಿನ್ನೂ ಅಮೋನಿಯಾವೂ ಕೂಡಿದ್ದು, ಒಂದು ದಿನ ಇಟ್ಟ ಮಾತ್ರಕ್ಕೆ ಹಾರಿ ಹೋಗುವುದಿಲ್ಲ. ಹೈಪೊ ಹಾಕಿದರೆ ಕ್ಲೋರಿನ್ ಸಾಯುತ್ತದೆ, ಅಮೋನಿಯಾ ನೀರಿನಲ್ಲೇ ಉಳಿಯುತ್ತದೆ. ಅಲ್ಲಿಯವರಿಗೆ ಎರಡನ್ನೂ ಕಟ್ಟಿಹಾಕುವ ಕಂಡಿಷನರ್ ಬೇಕು.

ಈಗ ನನ್ನ ತಕರಾರಿಗೆ ಬರುತ್ತೇನೆ. ಬೆಂಗಳೂರಿನ ಬಹುಪಾಲು ಮನೆಗಳಲ್ಲಿ ಕಾವೇರಿ ನೀರು ನೇರವಾಗಿ ಬಚ್ಚಲ ನಲ್ಲಿಗೆ ಬರುವುದಿಲ್ಲ. ದಿನ ಬಿಟ್ಟು ದಿನವೋ ವಾರಕ್ಕೆರಡು ಸಲವೋ ಬಂದದ್ದು ಸಂಪ್‌ಗೆ ಬೀಳುತ್ತದೆ, ಅಲ್ಲಿಂದ ಮೋಟರ್ ಹಾಕಿ ಮಹಡಿಯ ಟ್ಯಾಂಕಿಗೆ. ಈ ತಿರುಗಾಟದಲ್ಲೇ ಕ್ಲೋರಿನ್ ಬಹಳಷ್ಟು ಕಳೆದುಹೋಗಿರುತ್ತದೆ. ಹಾಗಾದರೆ ಮೀನನ್ನು ಕೊಂದದ್ದು ಯಾರು?

ಸಂಪಿನೊಳಗೆ ಇಣುಕಿ ನೋಡಿ. ಅಲ್ಲಿರುವುದು ಒಂದು ನೀರಲ್ಲ. ಕಾವೇರಿ ಮೆದು ನೀರು. ಬೋರ್‌ವೆಲ್‌ನದು ಗಡಸು, ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುವುದು ಅದೇ. ಬೇಸಿಗೆಯಲ್ಲಿ ಬರುವ ಟ್ಯಾಂಕರಿನದು ಯಾವ ಊರಿನ ಯಾವ ಬಾವಿಯದೋ, ತಂದ ಡ್ರೈವರನಿಗೇ ಸರಿಯಾಗಿ ಗೊತ್ತಿರುವುದಿಲ್ಲ. ನಗರ ನೀರಿಗೆ ಪರದಾಡಿದ 2024ರ ಬೇಸಿಗೆ ಇದನ್ನು ಮೀನು ಸಾಕದವರಿಗೂ ಕಲಿಸಿತು. ಮನೆಯವರಿಗೆ ನೀರು ಬಂತಲ್ಲ ಎಂಬ ಸಮಾಧಾನ. ಮೀನಿಗೆ ಮಾತ್ರ ಒಂದೇ ನಲ್ಲಿಯಿಂದ ಈ ವಾರ ಒಂದು ದೇಶ, ಮುಂದಿನ ವಾರ ಇನ್ನೊಂದು.

ಇದರಿಂದ ಆಗುವ ಅನಾಹುತದ ರೀತಿ ತಿಳಿಯಬೇಕಾದದ್ದು. ಮೂರು ನಾಲ್ಕು ತಿಂಗಳು ನೀರು ಬದಲಿಸದೆ, ಆವಿಯಾದಷ್ಟನ್ನು ಮಾತ್ರ ತುಂಬಿಸುತ್ತಾ ಬಂದ ತೊಟ್ಟಿಯನ್ನು ನೆನೆಸಿಕೊಳ್ಳಿ. ಮೀನಿನ ಹೇಲು, ಉಳಿದ ಊಟ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ನೀರಿನಲ್ಲಿದ್ದ ಕಾರ್ಬೊನೇಟ್ ಆ ಆಮ್ಲವನ್ನು ತಡೆದು ತಡೆದು ಕೊನೆಗೆ ಖಾಲಿಯಾಗುತ್ತದೆ. ಪಿಎಚ್ ಸದ್ದಿಲ್ಲದೆ 6ರ ಕಡೆಗೆ ಇಳಿಯುತ್ತದೆ, ಆ ಹುಳಿಯಲ್ಲಿ ಬ್ಯಾಕ್ಟೀರಿಯಾವೂ ಕೆಲಸ ನಿಧಾನ ಮಾಡುತ್ತದೆ, ಅಮೋನಿಯಾ ಕೂಡಿಕೊಳ್ಳುತ್ತಾ ಹೋಗುತ್ತದೆ. ಮೀನು ಆರಾಮಾಗಿಯೇ ಇರುತ್ತದೆ. ಏಕೆಂದರೆ ಅಷ್ಟು ಕಡಿಮೆ ಪಿಎಚ್‌ನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ಆಗಿರುತ್ತದೆ, ಅದರ ವಿಷ ಬಹಳ ಕಡಿಮೆ. 25 ಡಿಗ್ರಿಯಲ್ಲಿ, ಪಿಎಚ್ 7ರ ನೀರಿನಲ್ಲಿ ವಿಷದ ರೂಪದಲ್ಲಿರುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ, 8ರಲ್ಲಿ ನೂರಕ್ಕೆ ಐದು, 9ರಲ್ಲಿ ಮೂರನೇ ಒಂದು ಭಾಗಕ್ಕೂ ಮೇಲೆ. ಹಬ್ಬಕ್ಕೆ ನೆಂಟರು ಬರುತ್ತಾರೆಂದು ಯಜಮಾನರು ಒಂದು ಭಾನುವಾರ ಹುಮ್ಮಸ್ಸಿನಿಂದ ಮುಕ್ಕಾಲು ತೊಟ್ಟಿ ಖಾಲಿ ಮಾಡಿ ಬೋರ್‌ವೆಲ್ ನೀರು ತುಂಬುತ್ತಾರೆ. ಪಿಎಚ್ ಒಂದೇ ಏಟಿಗೆ 8 ದಾಟುತ್ತದೆ. ಉಳಿದ ಕಾಲು ತೊಟ್ಟಿಯಲ್ಲಿ ತೆಪ್ಪಗಿದ್ದ ಅಮೋನಿಯಂ ಅಮೋನಿಯಾ ಆಗಿ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಮೀನು ತೇಲುತ್ತದೆ, ಬೈಗುಳ ಕ್ಲೋರಿನ್ನಿಗೆ.

ಹಾಗಂತ ಬೋರ್‌ವೆಲ್ ನೀರು ಕೆಟ್ಟದ್ದಲ್ಲ. ಗಪ್ಪಿ, ಮೋಲಿ, ಗೋಲ್ಡ್‌ಫಿಷ್‌ಗಳಿಗೆ ಮೆದು ನೀರಿಗಿಂತ ಅದೇ ಇಷ್ಟ. ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಇದಕ್ಕೆ ತದ್ವಿರುದ್ಧ: ಮೆದು, ತುಸು ಹುಳಿ. ಮಂಗಳೂರು ಕಡೆಯವರು ನಿಯಾನ್ ಟೆಟ್ರಾಗಳನ್ನು ಸಲೀಸಾಗಿ ಸಾಕುವಾಗ ನಾವಿಲ್ಲಿ ಹೊಟ್ಟೆಕಿಚ್ಚು ಪಡುವುದು ಅದಕ್ಕೇ. ಯಾವ ನೀರಾದರೂ ಸರಿ, ಮೀನು ಹೊಂದಿಕೊಳ್ಳುತ್ತದೆ. ಪ್ರತಿ ವಾರ ಹೊಸದಕ್ಕೆ ಹೊಂದಿಕೋ ಎಂದರೆ ಆಗುವುದಿಲ್ಲ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಹೊಳೆ ನೀರು ಹರಿಯಲು ಶುರುವಾದಾಗ ನನಗೆ ಆ ಭಾಗದ ತೊಟ್ಟಿಗಳದ್ದೇ ಯೋಚನೆ. ವರ್ಷಗಳಿಂದ ಗಡಸು ನೀರಿನಲ್ಲಿ ಬೆಳೆದ ಮೀನುಗಳಿಗೆ ಇದ್ದಕ್ಕಿದ್ದಂತೆ ಮೆದು ನೀರು.

ನನ್ನ ಸಲಹೆ: ಮೀನಿಗೆಂದು ಒಂದು ನೀರನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಗೇಟಿನ ಬಳಿ ಕಾವೇರಿಯ ನೇರ ನಲ್ಲಿ ಇದ್ದರೆ, ನೀರು ಬಿಡುವ ದಿನ ಅಲ್ಲಿಂದಲೇ ಒಂದು ಡ್ರಮ್ ಹಿಡಿದಿಡಿ. ಅದರಲ್ಲಿ ಕ್ಲೋರಿನ್ ತಾಜಾ ಇರುತ್ತದೆ, ಅಂದೇ ಬಳಸುವುದಾದರೆ ಹೈಪೊ ಕಡ್ಡಾಯ. ಬೋರ್‌ವೆಲ್ ಆದರೆ ಬೋರ್‌ವೆಲ್ಲೇ ಆಗಲಿ, ಆದರೆ ಇಡೀ ರಾತ್ರಿ ಏರ್ ಪಂಪ್ ಹಾಕಿಡಿ. ನೆಲದಾಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಡಿಮೆ. ಆಗಷ್ಟೇ ಹಿಡಿದ ನೀರಿಗೆ ಪಿಎಚ್ ಪಟ್ಟಿ ಅದ್ದಿದರೆ ಬರುವ ಉತ್ತರ ಸುಳ್ಳು. ಅನಿಲ ಹಾರಿಹೋದ ಮೇಲೆ ಮರುದಿನ ಅದು ಏರಿರುತ್ತದೆ. ನಂಬಬೇಕಾದದ್ದು ಮರುದಿನದ ಅಂಕಿಯನ್ನು. ಬದಲಿಸುವುದು ವಾರಕ್ಕೆ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು. ಬಹಳ ದಿನ ಬಿಟ್ಟ ತೊಟ್ಟಿಯಾದರೆ ದಿನಕ್ಕೆ ಒಂದೆರಡು ಚೊಂಬು ನೀರಿನಿಂದ ಶುರು ಮಾಡಿ.

ಟಿಡಿಎಸ್ ಪೆನ್ ಹಿಡಿದು ಓಡಾಡುವವರ ಮೇಲೆ ನನಗೆ ಅಷ್ಟು ಗೌರವವಿಲ್ಲ. ಅದು ಕ್ಲೋರಿನ್ ತೋರಿಸುವುದಿಲ್ಲ, ಪಿಎಚ್ ತೋರಿಸುವುದಿಲ್ಲ, ಕರಗಿರುವುದು ಸುಣ್ಣವೋ ಉಪ್ಪೋ ಎಂದೂ ಹೇಳುವುದಿಲ್ಲ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಸೋಪು ನೊರೆ ಬರುತ್ತದೆ, ಆದರೆ ಟಿಡಿಎಸ್ ಇಳಿಯುವುದಿಲ್ಲ, ಟೆಟ್ರಾಗೆ ಬೇಕಾದ ಮೆದು ನೀರೂ ಅದಲ್ಲ. ಅಡುಗೆಮನೆಯ ಆರ್‌ಒ ನೀರಿನದು ಇನ್ನೊಂದು ತುದಿ: ಕಾರ್ಬೊನೇಟನ್ನೂ ತೆಗೆದಿರುವುದರಿಂದ ಬರೀ ಅದನ್ನೇ ತುಂಬಿದರೆ ಪಿಎಚ್‌ಗೆ ಲಂಗುಲಗಾಮಿಲ್ಲ. ನಲ್ಲಿ ನೀರಿನೊಡನೆ ಅಳತೆಯಿಂದ ಬೆರೆಸಿದರೆ ಮಾತ್ರ ಅದು ಒಳ್ಳೆಯ ಸಾಧನ.

ಬಿಸಿಲುಗಾಲದಲ್ಲಿ ಮಹಡಿ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಇಡಲಾಗದಷ್ಟು ಕಾದಿರುತ್ತದೆ, ಬೆಳಿಗ್ಗೆಯೇ ಹಿಡಿಯಿರಿ. ಸಿಗಡಿ, ಬಸವನಹುಳು ಸಾಕುವವರು ತಾಮ್ರದ ಹಂಡೆಯಿಂದ ದೂರ ಇರಬೇಕು. ತಾಮ್ರ ಅವಕ್ಕೆ ವಿಷ, ಮೆದು ನೀರಿನಲ್ಲಿ ಮೀನಿಗೂ. ಕೆಂಪು ನೀರು ಬಂದಾಗ ಸ್ಫಟಿಕ ಅಲ್ಲಾಡಿಸಿ ತಿಳಿ ಮಾಡುವ ಅಜ್ಜಿಯ ಉಪಾಯವೂ ಇಲ್ಲಿ ಬೇಡ, ಅದು ಕಾರ್ಬೊನೇಟನ್ನು ತಿನ್ನುತ್ತದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಗೆ ಹಿಡಿಯದೆ ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಹಿಂಡಿ. ಆ ನೀರು ಆಮೇಲೆ ಗಿಡಕ್ಕೆ.

ಇನ್ನು ಟ್ಯಾಂಕರ್. ಸಂಪ್ ತೊಳೆಸಿದ ದಿನ, ಹೊಸ ಟ್ಯಾಂಕರ್ ಸುರಿದ ದಿನ ಕೈ ಅಂದಾಜಿಗೆ ಹಾಕಿದ ಬ್ಲೀಚಿಂಗ್ ಪೌಡರ್ ನೀರಿನಲ್ಲಿರುತ್ತದೆ. ಬಂದ ನೀರಿನಲ್ಲಿ ಕೊಳಚೆಯ ಅಮೋನಿಯಾ ಮೊದಲೇ ಇದ್ದರೆ ಎರಡೂ ಸೇರಿ ನಮ್ಮ ಸಂಪಿನಲ್ಲೇ ಕ್ಲೋರಮೈನ್ ತಯಾರು. ಮೂಗಿಗೆ ಬಡಿಯುವ ಘಾಟು ಬಂದರೆ ಆ ನೀರಿಗೆ ಒಂದೂವರೆ ಎಂಎಲ್ ಲೆಕ್ಕ ನಡೆಯುವುದಿಲ್ಲ. ಆ ವಾರ ನೀರು ಬದಲಿಸಲೇಬೇಡಿ. ಊಟ ಅರ್ಧಕ್ಕೆ ಇಳಿಸಿ, ಏರ್ ಪಂಪ್ ನಿಲ್ಲಿಸಬೇಡಿ. ಅರ್ಧ ಹೊಟ್ಟೆಯಲ್ಲಿ ಒಂದು ವಾರ ಕಳೆದರೆ ಮೀನೇನೂ ಸಾಯುವುದಿಲ್ಲ. ಊಟದ ಡಬ್ಬಿಯನ್ನು ಮಾತ್ರ ಮೇಲಿನ ಕಪಾಟಿಗೆ ಸೇರಿಸಿ. ಮೀನಿನ ಮುಖ ಬಾಡಿದೆ ಎಂದು ಕನಿಕರಪಟ್ಟು ಒಂದು ಹಿಡಿ ಹಾಕುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.