ಪರ ಊರಿನ ಬಸ್ಸಿನ ಚಿತ್ರ

ಛಾಯಾಚಿತ್ರವನ್ನು ಕಲೆಯೆಂದು ಒಪ್ಪಿಕೊಂಡವರು ಕೂಡ ಬಸ್ಸಿನ ಛಾಯಾಚಿತ್ರವೆಂದೊಡನೆ ಮುಗುಳ್ನಗುತ್ತಾರೆ. ಬೆಟ್ಟ, ಜಲಪಾತ, ಗೋಪುರ, ಮುದುಕಿಯ ಮುಖದ ಸುಕ್ಕು, ಇವೆಲ್ಲ ಚಿತ್ರಕ್ಕೆ ತಕ್ಕ ವಸ್ತುಗಳು. ಬಸ್ಸು ಹತ್ತಿ ಇಳಿಯುವುದಕ್ಕೆ ಇರುವಂಥದು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೂ ಪರ ಊರಿಗೆ ಹೋದಾಗ ಅಲ್ಲಿಯ ನಗರದ ಬಸ್ಸುಗಳನ್ನೂ ಉಪನಗರಗಳ ಬಸ್ಸುಗಳನ್ನೂ ಹುಡುಕಿಕೊಂಡು ಹೋಗಿ ಚಿತ್ರ ತೆಗೆಯುವ ಪಂಗಡವೊಂದು ಲೋಕದಲ್ಲಿದೆ. ಇಂಗ್ಲೆಂಡಿನಲ್ಲಿ ಇದು ಹಳೆಯ ಹವ್ಯಾಸ. ನಮ್ಮಲ್ಲಿಯೂ ಈಚೆಗೆ ಬೇರೂರಿದೆ. ಮುಂಬಯಿಗೆ ಹೋದ ಬೆಂಗಳೂರಿನ ಹುಡುಗ ಎಲಿಫೆಂಟಾ ಗುಹೆಗಳನ್ನು ಬಿಟ್ಟು ಕುರ್ಲಾ ರೈಲು ನಿಲ್ದಾಣದ ಹೊರಗೆ ಅರ್ಧ ದಿನ ಕ್ಯಾಮರ ಹಿಡಿದು ನಿಂತನೆಂದರೆ ಇಂದು ಯಾರೂ ಬೆರಗಾಗಬೇಕಿಲ್ಲ. ಅವನು ತಂದ ಚಿತ್ರಗಳಿಗೆ ಬೆಲೆಯೇನು, ಅವನ್ನು ಯಾವ ಕೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆಯನ್ನು ಮಾತ್ರ ನಾವು ಗಂಭೀರವಾಗಿ ಕೇಳಿಕೊಂಡಿಲ್ಲ. ಕೇಳಿಕೊಳ್ಳುವ ಕಾಲ ಬಂದಿದೆ. ಏಕೆಂದರೆ ಚಿತ್ರದಲ್ಲಿರುವ ಬಸ್ಸುಗಳು ಒಂದೊಂದಾಗಿ ಬೀದಿಯಿಂದ ಮರೆಯಾಗುತ್ತಿವೆ, ಚಿತ್ರಗಳಷ್ಟೆ ಉಳಿಯುತ್ತಿವೆ.

ಈ ಪಂಗಡಕ್ಕೂ ಒಂದು ಲಕ್ಷಣಗ್ರಂಥವಿದೆ. ಬರೆದಿಟ್ಟದ್ದಲ್ಲ, ಬಾಯಿಂದ ಬಾಯಿಗೆ ಬಂದದ್ದು. ಸೂರ್ಯ ಚಿತ್ರಗಾರನ ಬೆನ್ನಿಗಿರಬೇಕು. ಬಸ್ಸಿನ ಮುಖವೂ ಬಾಗಿಲಿರುವ ಪಕ್ಕವೂ ಒಟ್ಟಿಗೆ ತೋರುವಂತೆ ಓರೆಯಾಗಿ ನಿಂತು ತೆಗೆಯಬೇಕು. ಮುಂದಿನ ಬಂಪರಿನಿಂದ ಹಿಂದಿನ ಬಂಪರಿನವರೆಗೆ ಯಾವುದೂ ಚೌಕಟ್ಟಿನ ಹೊರಗೆ ಹೋಗಬಾರದು. ಮಾರ್ಗದ ಸಂಖ್ಯೆ, ಕೊನೆಯ ನಿಲ್ದಾಣದ ಹೆಸರು, ನೋಂದಣಿಯ ಸಂಖ್ಯೆ, ಸಂಸ್ಥೆ ತನ್ನ ಲೆಕ್ಕಕ್ಕೆಂದು ಬರೆದುಕೊಂಡ ಅಂಕಿ, ಇವಿಷ್ಟನ್ನೂ ಓದಲು ಬರಬೇಕು. ನಡುವೆ ಕಂಬ, ಸ್ಕೂಟರು, ಮನುಷ್ಯ ಅಡ್ಡ ಬರಬಾರದು. ಈ ಕೊನೆಯ ವಿಧಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನನ್ನ ತಕರಾರೆಲ್ಲ ಅದರ ಮೇಲೆಯೇ.

ವಿಧಿಗಳು ಕೇಳಿದಷ್ಟು ಸುಲಭವಲ್ಲ. ಹಳೆಯ ಬಸ್ಸುಗಳಲ್ಲಿ ಊರ ಹೆಸರನ್ನು ಬಟ್ಟೆಯ ಸುರುಳಿಯ ಮೇಲೋ ತಗಡಿನ ಮೇಲೋ ಬರೆದಿರುತ್ತಿದ್ದರು. ಈಗ ಅಲ್ಲಿ ಸಣ್ಣ ದೀಪಗಳ ಹಲಗೆ ಬಂದಿದೆ. ಆ ದೀಪಗಳೆಲ್ಲ ಒಂದೇ ಸಮನೆ ಉರಿಯುತ್ತಿರುವಂತೆ ನಮ್ಮ ಕಣ್ಣಿಗೆ ತೋರಿದರೂ ನಿಜದಲ್ಲಿ ಅವು ಸಾಲುಸಾಲಾಗಿ ಹತ್ತಿ ಆರುತ್ತಿರುತ್ತವೆ. ಕ್ಯಾಮರ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು ಮಾತ್ರ ಕಣ್ಣು ತೆರೆದರೆ ‘ಬೋರಿವಲಿ’ಯಲ್ಲಿ ಅರ್ಧ ಅಳಿಸಿಹೋಗಿರುತ್ತದೆ. ಹೆಚ್ಚು ಹೊತ್ತು ತೆರೆದರೆ ಹೆಸರು ಪೂರ್ತಿ ಮೂಡುತ್ತದೆ, ಓಡುವ ಬಸ್ಸು ಕಲಸಿಹೋಗುತ್ತದೆ. ಆದುದರಿಂದ ಇಂದಿನ ಸಂಗ್ರಾಹಕ ಬಸ್ಸು ನಿಲ್ಲುವುದನ್ನೇ ಕಾಯುತ್ತಾನೆ. ನಿಂತ ಬಸ್ಸಿನ ಮುಂದೆ ಜನ ಸೇರುತ್ತಾರೆ. ಜನ ಸರಿಯಲೆಂದು ಮತ್ತೆ ಕಾಯುತ್ತಾನೆ. ಹೀಗೆ ನಡೆದ ತಪಸ್ಸಿನ ಫಲವಾಗಿ ನಮಗೆ ದೊರೆಯುವುದು, ಹತ್ತಲು ಯಾರೂ ಇಲ್ಲದ, ಎಲ್ಲಿಗೂ ಹೋಗದೆ ನಿಂತಿರುವ, ತೊಳೆದಿಟ್ಟಂಥ ಒಂದು ಬಸ್ಸು.

ಇದು ಕಲೆಯಲ್ಲ, ಬರಿಯ ದಾಖಲೆ ಎನ್ನುವವರ ಮಾತು ನಮ್ಮ ಆಲಂಕಾರಿಕರ ಹಳೆಯ ಜಗಳವನ್ನು ನೆನಪಿಗೆ ತರುತ್ತದೆ. ಸಂಜೆಯಾಯಿತೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮಾತನ್ನು ಕಾವ್ಯವೆನ್ನಬಹುದೆ ಎಂದು ಭಾಮಹ ಕೇಳಿದ. ಅಂಥದು ವಾರ್ತೆಯೆಂದು ಬದಿಗೆ ಸರಿಸಿದ. ದಂಡಿಗೆ ಅಷ್ಟು ಬಿಗುಮಾನವಿರಲಿಲ್ಲ. ಸ್ವಭಾವೋಕ್ತಿಯನ್ನು ಅಲಂಕಾರಗಳ ಸಾಲಿನಲ್ಲಿ ಮೊದಲು ಕೂರಿಸಿ, ಜಾತಿಯೆಂಬ ಇನ್ನೊಂದು ಹೆಸರನ್ನೂ ಅದಕ್ಕೆ ಕೊಟ್ಟ. ನಮ್ಮ ಕವಿರಾಜಮಾರ್ಗವು ಅವನ ಜಾಡು ಹಿಡಿದು ಜಾತಿಯನ್ನು ಅಲಂಕಾರವೆಂದೇ ಎಣಿಸಿತು. ದಂಡಿ ಇನ್ನೊಂದು ಸೂಕ್ಷ್ಮವನ್ನು ಹೇಳುತ್ತಾನೆ: ವಸ್ತುವಿನ ಸ್ವಭಾವವನ್ನು ಜಾತಿ, ಕ್ರಿಯೆ, ಗುಣ, ದ್ರವ್ಯ ಎಂಬ ನಾಲ್ಕು ಮುಖಗಳಿಂದ ಹೇಳಬಹುದು. ಗಿಳಿಗಳ ಕುಲವನ್ನು ವರ್ಣಿಸುವುದು ಒಂದು. ಸಂಗಾತಿಯ ಸುತ್ತ ಸುಳಿಯುವ ಪಾರಿವಾಳವನ್ನು ವರ್ಣಿಸುವುದು ಇನ್ನೊಂದು. ಬಸ್ಸಿಗೂ ದಂಡಿಗೂ ಎತ್ತಣ ಸಂಬಂಧ ಎಂದು ವಿದ್ವಾಂಸರು ಹುಬ್ಬು ಗಂಟಿಕ್ಕಬಹುದು. ಇದ್ದದ್ದನ್ನು ಇದ್ದಂತೆ ತೋರಿಸುವುದೇ ಬದುಕಾಗಿರುವ ಕಲೆಗೆ ಇದಕ್ಕಿಂತ ಹತ್ತಿರದ ಶಾಸ್ತ್ರ ನನಗೆ ತಿಳಿಯದು.

ಸಂಗ್ರಾಹಕನ ಚಿತ್ರದಲ್ಲಿ ಜಾತಿಯಿದೆ: ಎಂಥ ಬಸ್ಸು, ಯಾವ ಕಾರ್ಖಾನೆಯ ಮಾದರಿ ಎಂಬುದು ನೋಡಿದೊಡನೆ ತಿಳಿಯುತ್ತದೆ. ದ್ರವ್ಯವೂ ಇದೆ, ನೂರಾರು ಒಂದೇ ಬಗೆಯ ಬಸ್ಸುಗಳಲ್ಲಿ ಇದು ಇಂಥದೇ ಒಂದು ಎಂಬುದನ್ನು ಅಂಕಿ ಹೇಳುತ್ತದೆ. ಈ ಅಂಕಿಯ ಹುಚ್ಚನ್ನು ಕಂಡು ನಗುವವರಿಗೆ ಒಂದು ಸಂಗತಿ ಹೇಳಬೇಕು. ೧೯೫೫ರ ಡಿಸೆಂಬರ್ ೧ರಂದು ಅಮೆರಿಕದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ನೀಗ್ರೋ ಮಹಿಳೆ ಬಿಳಿಯನೊಬ್ಬನಿಗಾಗಿ ಆಸನ ಬಿಟ್ಟೇಳಲು ಒಪ್ಪದೆ ಸೆರೆಯಾದರು; ಅಲ್ಲಿಯ ಕರಿಯ ಜನ ೩೮೧ ದಿನ ಬಸ್ಸು ಹತ್ತಲಿಲ್ಲ. ಆಕೆ ಕುಳಿತಿದ್ದ, ೧೯೪೮ರಲ್ಲಿ ತಯಾರಾದ ಆ ಬಸ್ಸನ್ನು ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯ ೨೦೦೧ರಲ್ಲಿ ಹರಾಜಿನಲ್ಲಿ ಕೊಂಡಿತು. ಅದೇ ಇದು ಎಂದು ಗುರುತಿಸಲು ನೆರವಾದದ್ದು, ಹಳೆಯ ಪತ್ರಿಕಾ ತುಣುಕುಗಳ ಪುಸ್ತಕವೊಂದರಲ್ಲಿ ಕೈಯಿಂದ ಬರೆದಿಟ್ಟಿದ್ದ ೨೮೫೭ ಎಂಬ ಅಂಕಿ. ಬಸ್ಸಿನ ಮೈಮೇಲಿನ ಸಂಖ್ಯೆಯನ್ನು ಬರೆದಿಡುವವನು ಏನನ್ನು ಬರೆದಿಡುತ್ತಿದ್ದಾನೆಂಬುದು ಅವನಿಗೇ ಗೊತ್ತಿರುವುದಿಲ್ಲ.

ಗುಣವೊಂದನ್ನೇ ಹಿಡಿದು ಹೊರಟ ಚಿತ್ರದ ಗತಿ ಏನಾಗುತ್ತದೆಂಬುದಕ್ಕೆ ಲಂಡನ್ನಿನ ಒಂದು ನಿದರ್ಶನ ಸಾಕು. ವೆಸ್ಟ್‌ಮಿನ್‌ಸ್ಟರ್ ಸೇತುವೆ, ಪಾರ್ಲಿಮೆಂಟಿನ ಗೋಪುರಗಳು, ಖಾಲಿ ಆಕಾಶ, ಎಲ್ಲವೂ ಕಪ್ಪು ಬಿಳುಪಿನಲ್ಲಿ. ನಡುವೆ ಬಸ್ಸು ಮಾತ್ರ ಕೆಂಪು. ಪ್ರವಾಸಿಗಳಿಗೆ ನೆನಪಿನ ಸಾಮಾನು ಮಾರುವ ಸಂಸ್ಥೆಯೊಂದು ಇಂಥ ಚಿತ್ರವನ್ನು ಮಾಡಿಸಿತ್ತು. ಚಹಾ ಮಾರುವ ಇನ್ನೊಂದು ಸಂಸ್ಥೆ ತಾನೂ ಅಂಥದೇ ಚಿತ್ರವನ್ನು ಹೊಂದಿಸಿ ಡಬ್ಬಿಗಳ ಮೇಲೆ ಅಚ್ಚುಹಾಕಿತು. ನ್ಯಾಯಾಲಯದಲ್ಲಿ ವ್ಯಾಜ್ಯವಾಗಿ, ೨೦೧೨ರ ಜನವರಿಯಲ್ಲಿ ಎರಡನೆಯದು ಮೊದಲನೆಯದರ ಹಕ್ಕಿಗೆ ಚ್ಯುತಿ ತಂದಿದೆಯೆಂದು ತೀರ್ಪಾಯಿತು. ತೀರ್ಪು ಸರಿಯೋ ತಪ್ಪೋ ಕಾನೂನು ಬಲ್ಲವರು ಹೇಳಲಿ. ವಿಮರ್ಶಕನಿಗೆ ಕಾಣುವುದು ಬೇರೆ: ಇಬ್ಬರೂ ಬಸ್ಸನ್ನು ನೋಡಿಯೇ ಇರಲಿಲ್ಲ, ಕೆಂಪನ್ನು ನೋಡಿದ್ದರು. ಚಾಲಕನಿಗೆ ಬೇರೆ ಗೂಡು, ಹಿಂದೆ ತೆರೆದ ಹಜಾರ, ಅಲ್ಲಿ ನಿಂತ ಕಂಡಕ್ಟರು, ಓಡಿಬಂದು ಕಂಬಿ ಹಿಡಿದು ಹತ್ತುವವನು—ಈ ರೂಟ್‌ಮಾಸ್ಟರ್ ಬಸ್ಸನ್ನು ಲಂಡನ್ನಿನವರು ಇಷ್ಟಪಟ್ಟದ್ದೇ ಇವುಗಳಿಗಾಗಿ. ೨೦೦೫ರ ಡಿಸೆಂಬರ್ ೯ರಂದು ಅದು ದಿನನಿತ್ಯದ ಸೇವೆಯಿಂದ ನಿವೃತ್ತವಾಯಿತು. ಡಬ್ಬಿಯ ಮೇಲೆ ಅದು ಇನ್ನೂ ಓಡುತ್ತಲೇ ಇದೆ; ಒಳಗೆ ಚಹಾಪುಡಿ.

ಇನ್ನು ಕ್ರಿಯೆ. ಇಲ್ಲಿ ಸಂಗ್ರಾಹಕನ ಕೈ ಬರಿದು. ಬಸ್ಸಿನ ಕ್ರಿಯೆಯೆಂದರೆ ಚಕ್ರ ತಿರುಗುವುದಷ್ಟೆ ಅಲ್ಲ. ಒಬ್ಬರನ್ನೊಬ್ಬರು ಅರಿಯದ ಐವತ್ತು ಮಂದಿಯನ್ನು ಒಂದೇ ಬೆಂಚಿನ ಮೇಲೆ ಕೂರಿಸುವುದು, ಕೂರಿಸಲು ಒಲ್ಲದಿರುವುದು, ನಿಲ್ಲಿಸುವುದು, ಇಳಿಸುವುದು ಅದರ ಕ್ರಿಯೆ. ಇದನ್ನು ಹಿಡಿದ ಚಿತ್ರವೊಂದನ್ನು ಹೆಸರಿಸಿ ಎಂದರೆ ನಾನು ರಾಬರ್ಟ್ ಫ್ರಾಂಕನದನ್ನು ಹೆಸರಿಸುತ್ತೇನೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈ ಛಾಯಾಗ್ರಾಹಕ ೧೯೫೫ರಲ್ಲಿ ಅಮೆರಿಕವನ್ನು ಸುತ್ತುತ್ತ ನ್ಯೂ ಆರ್ಲಿಯನ್ಸ್ ನಗರಕ್ಕೆ ಬಂದ. ಮೆರವಣಿಗೆಯೊಂದನ್ನು ಚಿತ್ರಿಸುತ್ತಿದ್ದವನು ಹಿಂತಿರುಗಿದಾಗ ಟ್ರಾಮು ಎದುರಾಯಿತು. (ಟ್ರಾಮು ಬಸ್ಸಲ್ಲ, ಹಳಿಯ ಮೇಲೆ ಓಡುವಂಥದು ಎಂದು ಸಂಗ್ರಾಹಕರು ಆಕ್ಷೇಪಿಸಬಹುದು. ಆಕ್ಷೇಪಿಸಲಿ.) ಲಕ್ಷಣಗ್ರಂಥದ ಒಂದು ವಿಧಿಯನ್ನೂ ಈ ಚಿತ್ರ ಪಾಲಿಸಿಲ್ಲ. ಚಕ್ರವಿಲ್ಲ, ಮುಂಭಾಗವಿಲ್ಲ, ಯಾವ ಮಾರ್ಗದ್ದೆಂದು ತಿಳಿಯದು. ಇರುವುದು ಸಾಲಾಗಿ ಕಿಟಕಿಗಳು. ಮುಂದಿನ ಕಿಟಕಿಯ ಗಾಜಿನ ಹಿಂದೆ ಮಸುಕಾದ ಬಿಳಿಯ ಗಂಡಸು. ಆಮೇಲೆ ಬಿಗಿದ ಮುಖದ ಬಿಳಿಯ ಹೆಂಗಸು. ನಡುವೆ ಇಬ್ಬರು ಬಿಳಿಯ ಮಕ್ಕಳು. ಹಿಂದೆ ಕರಿಯ ಗಂಡಸು, ಅವನ ಹಿಂದೆ ಕರಿಯ ಹೆಂಗಸು. ಆ ಊರಿನ ವಾಹನಗಳಲ್ಲಿ ಆಸನಗಳ ಬೆನ್ನಿಗೆ ಸಿಕ್ಕಿಸುವ, ಹಿಂದೆ ಮುಂದೆ ಸರಿಸಬಹುದಾದ ಹಲಗೆಯೊಂದಿರುತ್ತಿತ್ತು. ಕರಿಯರು ಅದರ ಹಿಂದೆ ಕೂರಬೇಕು. ಚಿತ್ರದಲ್ಲಿ ಆ ಹಲಗೆ ಕಾಣುವುದಿಲ್ಲ. ಅದರ ಕೆಲಸ ಕಾಣುತ್ತದೆ. ಪಾರ್ಕ್ಸ್ ಸೆರೆಯಾದದ್ದು ಇದಾದ ಕೆಲವು ದಿನಗಳಿಗೆ. ನ್ಯೂ ಆರ್ಲಿಯನ್ಸಿನಲ್ಲಿ ಹಲಗೆಗಳು ಹೋದದ್ದು ೧೯೫೮ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಫ್ರಾಂಕನ ಪುಸ್ತಕ ಹೊರಬಂತು, ಮರುವರ್ಷ ‘ದಿ ಅಮೆರಿಕನ್ಸ್’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ. ದಿನವೂ ಅದೇ ಟ್ರಾಮು ಹತ್ತುವವನಿಗೆ ಆ ಸಾಲು ಅಷ್ಟು ನಿಚ್ಚಳವಾಗಿ ಕಾಣುತ್ತಿತ್ತೆಂದು ಹೇಳಲಾರೆ. ಪರ ಊರಿನವನಿಗೆ ಕಂಡಿತು.

ಮುಂಬಯಿಗೆ ಬರೋಣ. ಅಲ್ಲಿ ಮೊದಲ ಬಸ್ಸು ಓಡಿದ್ದು ೧೯೨೬ರ ಜುಲೈ ೧೫ರಂದು, ಅಫ್ಘನ್ ಚರ್ಚಿನಿಂದ ಕ್ರಾಫರ್ಡ್ ಮಾರುಕಟ್ಟೆಗೆ. ೧೯೩೭ರಲ್ಲಿ ಎರಡಂತಸ್ತಿನ ಬಸ್ಸು ಬಂತು. ೧೯೬೪ರ ಮಾರ್ಚಿಯಲ್ಲಿ ಟ್ರಾಮು ನಿಂತುಹೋದ ಮೇಲೆ ಲೋಕಲ್ ರೈಲು ಮುಟ್ಟದ ಬೀದಿಗಳೆಲ್ಲ ಬೆಸ್ಟ್ ಬಸ್ಸಿನ ಪಾಲಿಗೆ ಬಂದವು. ಹಳೆಯ ಎರಡಂತಸ್ತಿನ ಬಸ್ಸುಗಳಲ್ಲಿ ಕೊನೆಯದು ೨೦೨೩ರ ಸೆಪ್ಟೆಂಬರ್ ೧೫ರಂದು ೪೧೫ನೆಯ ಮಾರ್ಗದಲ್ಲಿ ಓಡಿತು. ಅಭಿಮಾನಿಗಳು ಹೂವಿನಿಂದ ಸಿಂಗರಿಸಿ ಬೀಳ್ಕೊಟ್ಟರು. ಈ ೪೧೫ ಅಂಧೇರಿಯದು, ಎಂದರೆ ಉಪನಗರದ್ದು. ಆದರೆ ಪ್ರವಾಸಿಗಳು ತೆಗೆದ ಚಿತ್ರಗಳಲ್ಲಿ ನಾನು ಕಂಡವುಗಳ ಪೈಕಿ ಹೆಚ್ಚಿನವು ಬೋರಿಬಂದರಿನ ಕಟ್ಟಡದ ಮುಂದೆಯೋ ಫೋರ್ಟಿನ ಕಮಾನುಗಳ ಮುಂದೆಯೋ ತೆಗೆದವು. ಅಲ್ಲಿ ಬಸ್ಸು ಕಟ್ಟಡಕ್ಕೆ ಇಟ್ಟ ಕುಂಕುಮ. ಅಂಧೇರಿಯ, ಕುರ್ಲಾದ ಕೆಸರಿನಲ್ಲಿ, ಕಾರ್ಖಾನೆ ಬಿಟ್ಟ ಹೊತ್ತಿನಲ್ಲಿ, ಒಂದು ಪಕ್ಕಕ್ಕೆ ವಾಲಿಕೊಂಡು ಬರುತ್ತಿದ್ದ ಬಸ್ಸು ಅಪರೂಪ. ಉಪನಗರಕ್ಕೆ ಹೋದವರು ಸಂಗ್ರಾಹಕರು ಮಾತ್ರ. ಇದನ್ನು ಅವರ ಲೆಕ್ಕದಲ್ಲಿ ಜಮಾ ಮಾಡಲೇಬೇಕು. ನನ್ನ ವ್ಯಸನವೆಂದರೆ, ಅಲ್ಲಿಗೆ ಹೋಗಿಯೂ ಅವರು ಕೆಸರು ಆರುವುದನ್ನು ಕಾದರು.

ಆ ಬಸ್ಸಿನಲ್ಲಿ ಕೆಳಗೊಬ್ಬ, ಮೇಲೊಬ್ಬ, ಇಬ್ಬರು ಕಂಡಕ್ಟರುಗಳಿದ್ದರು. ಟಿಕೀಟಿನ ಯಂತ್ರ ಬರುವುದಕ್ಕೆ ಮೊದಲು ಬಣ್ಣ ಬಣ್ಣದ ಟಿಕೀಟುಗಳ ತಗಡಿನ ಪೆಟ್ಟಿಗೆ ಅವರ ಕೈಯಲ್ಲಿತ್ತು. ತೂತು ಹಾಕುವ ಚಿಮಟವನ್ನು ಪೆಟ್ಟಿಗೆಗೆ ಕುಟ್ಟಿ ಸದ್ದು ಮಾಡುತ್ತ ಬರುತ್ತಿದ್ದರು. ಏಣಿಮೆಟ್ಟಿಲ ತಿರುವಿನಲ್ಲಿ ಹತ್ತುವವನೂ ಇಳಿಯುವವನೂ ಮೈಗೆ ಮೈ ತಾಗಿಸಿಕೊಂಡೇ ಹೋಗಬೇಕು. ಮೇಲಂತಸ್ತಿನ ಮುಂದಿನ ಕಿಟಕಿಯ ಸೀಟಿಗಾಗಿ ಮಕ್ಕಳಷ್ಟೇ ಅಲ್ಲ, ಟೈ ಕಟ್ಟಿದ ಗುಮಾಸ್ತರೂ ಧಾವಿಸುತ್ತಿದ್ದರು. ಊರಿನಿಂದ ಬಂದ ನಮ್ಮ ಕನ್ನಡಿಗರಲ್ಲಿ ಎಷ್ಟೋ ಮಂದಿ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಗೆ ಓಡುತ್ತಿದ್ದವರು, ಆ ಕಿಟಕಿಯಿಂದಲೇ ಮುಂಬಯಿಯನ್ನು ಮೊದಲು ಕಂಡವರು. ಇವುಗಳಲ್ಲಿ ಒಂದಾದರೂ ಈ ಸಾವಿರಾರು ಓರೆನೋಟದ ಚಿತ್ರಗಳಲ್ಲಿ ಸಿಗುವುದೆ ಎಂದು ಹುಡುಕಿದರೆ ನಿರಾಶೆಯೇ ಗತಿ. ಬಸ್ಸಿನ ಮುಖದ ಮೇಲೆ ಮಾರ್ಗದ ಸಂಖ್ಯೆ ದೇವನಾಗರಿಯಲ್ಲಿ ಸ್ಪಷ್ಟವಾಗಿದೆ. ಹತ್ತುವವನು ಅದನ್ನು ದೂರದಿಂದ ಕಣ್ಣು ಕಿರಿದಾಗಿಸಿ ಓದಿ ಓಡಲು ಅಣಿಯಾಗುವ ಗಳಿಗೆಯಿಲ್ಲ.

ಇದಕ್ಕೆ ಸಂಗ್ರಾಹಕರು ಕೊಡುವ ಒಂದು ಉತ್ತರವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಅಪರಿಚಿತರ ಮುಖವನ್ನು ಕೇಳದೆ ಹೇಗೆ ತೆಗೆಯುವುದು, ಬಸ್ಸಾದರೆ ಬೇಸರಪಟ್ಟುಕೊಳ್ಳುವುದಿಲ್ಲ ಎನ್ನುತ್ತಾರೆ. ವಾಕರ್ ಇವಾನ್ಸ್ ೧೯೩೮ರಿಂದ ೧೯೪೧ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕ್ಯಾಮರವನ್ನು ಕೋಟಿನೊಳಗೆ ಅಡಗಿಸಿಕೊಂಡು ಎದುರಿಗೆ ಕುಳಿತವರನ್ನು ಚಿತ್ರಿಸಿದ. ಪುಸ್ತಕವಾಗಿ ಅವು ಹೊರಬಂದದ್ದು ೧೯೬೬ರಲ್ಲಿ. ಆ ಮುಖಗಳ ಮುಂದೆ ನಿಂತಾಗ ಮೆಚ್ಚುಗೆಯ ಜೊತೆಗೆ ಸ್ವಲ್ಪ ಸಂಕೋಚವೂ ಆಗುತ್ತದೆ. ಆದರೆ ಮುಖವನ್ನು ಕದಿಯುವುದು, ಮನುಷ್ಯರನ್ನು ಪೂರ್ತಿ ಒರೆಸಿಹಾಕುವುದು, ಇವೆರಡರ ನಡುವೆ ಬೇಕಾದಷ್ಟು ಜಾಗವಿದೆ. ಕಿಟಕಿಯ ಸರಳಿನ ಮೇಲೆ ಒರಗಿದ ಮೊಣಕೈ, ಹಿಂದಿನ ಬಾಗಿಲ ಕಂಬಿಯ ಮೇಲೆ ನಾಲ್ಕು ಕೈಗಳು, ನಿಲ್ದಾಣದಲ್ಲಿ ಒದ್ದೆ ಕೊಡೆಗಳ ಸಾಲು. ಮೇಲಾಗಿ, ನಡುವೆ ಬಂದ ಸ್ಕೂಟರಿನವನನ್ನು ಹೋಗಗೊಡದೆ ಗುಂಡಿ ಒತ್ತಿದರೆ ಯಾವ ಧರ್ಮಕ್ಕೆ ಚ್ಯುತಿ?

೨೦೨೩ರ ಫೆಬ್ರವರಿಯಿಂದ ಮುಂಬಯಿಯಲ್ಲಿ ವಿದ್ಯುತ್ತಿನಿಂದ ಓಡುವ, ತಂಪು ಹವೆಯ ಹೊಸ ಎರಡಂತಸ್ತಿನ ಬಸ್ಸುಗಳು ಬಂದಿವೆ. ಎರಡು ಬಾಗಿಲು, ಎರಡು ಮೆಟ್ಟಿಲು. ಕಿಟಕಿಗಳು ಮುಚ್ಚಿದ ದೊಡ್ಡ ಗಾಜುಗಳಾದ್ದರಿಂದ ಮೊಣಕೈ ಹೊರಬರುವ ಪ್ರಶ್ನೆಯೇ ಇಲ್ಲ. ಹಗಲು ಬೆಳಕಿನಲ್ಲಿ, ಸೂರ್ಯ ಬೆನ್ನಿಗಿರುವಾಗ, ಆ ಗಾಜಿನಲ್ಲಿ ಎದುರಿನ ಕಟ್ಟಡವೂ ಚಿತ್ರಗಾರನೂ ಕಾಣುತ್ತಾರೆಯೇ ಹೊರತು ಒಳಗಿನವರು ಕಾಣುವುದಿಲ್ಲ. ಸಂಜೆ ಒಳಗೆ ದೀಪ ಹತ್ತಿದ ಮೇಲೆ ಎರಡೂ ಅಂತಸ್ತಿನವರು ಒಬ್ಬೊಬ್ಬರಾಗಿ ತೋರತೊಡಗುತ್ತಾರೆ: ನಿದ್ದೆಗೆ ತಲೆ ವಾಲಿದವರು, ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡವರು, ನಿಂತೇ ಇರುವವರು. ಬೆಳಕು ಸಾಲದೆಂದು ಸಂಗ್ರಾಹಕರು ಕ್ಯಾಮರವನ್ನು ಚೀಲಕ್ಕೆ ಹಾಕಿಕೊಂಡು ಹೊರಡುವ ಹೊತ್ತೂ ಅದೇ.