ಮರಳಿನ ಮೇಲೊಂದು ಅರ್ಧವೃತ್ತ

ಶರಾವತಿಯು ಪಶ್ಚಿಮಸಮುದ್ರವನ್ನು ಸೇರುವ ಅಳಿವೆಯ ತೆಂಕಣ ದಡದಲ್ಲಿ, ಹೊನ್ನಾವರದ ಪೇಟೆಗೆ ಎದುರಾಗಿ, ಕಾಸರಕೋಡಿನ ಟೊಂಕವೆಂಬ ಮರಳಿನ ನೆಲವು ಚಾಚಿಕೊಂಡಿದೆ. ಕಾರ್ತಿಕ ಕಳೆದು ಬೆಳಗಿನ ಗಾಳಿಗೆ ತುಸು ಚಳಿ ಕೂಡಿದೊಡನೆ ನನ್ನ ಮನಸ್ಸು ಅತ್ತ ಹರಿಯುವುದು ಬಹುವರ್ಷಗಳ ರೂಢಿ. ಕಾವಲುಗಾರನ ಸೀಟಿ, ನೆರಳಿನ ಕೊಡೆ, ಸ್ನಾನಗೃಹಗಳಿಂದ ಸಜ್ಜಾದ ತೀರಗಳಿಗೆ ಅವುಗಳದೇ ಆದ ಸೊಗಸಿದೆ; ನಾನು ಈ ವಾರ ಬರೆಯಹೊರಟಿರುವುದು ಆ ಸಜ್ಜಿಕೆ ಮುಗಿದಲ್ಲಿಂದ ಮೊದಲಾಗುವ, ಗಾಳಿಮರಗಳ ಮೊರೆತವೂ ಅಲೆಗಳ ಮೊರೆತವೂ ಒಂದಾಗಿ ಕೇಳುವ ಬರಿಯ ಕಡಲದಂಡೆಯನ್ನು ಕುರಿತು. ಅಲ್ಲಿಗೆ ಹೋಗುವವನು ಮೊದಲ ಅರ್ಧ ಗಂಟೆ ನೀರಿಗೂ ಇಳಿಯದೆ, ಮರಳನ್ನೂ ತುಳಿಯದೆ, ಎತ್ತರದ ದಿಬ್ಬದ ಮೇಲೆ ಸುಮ್ಮನೆ ಕುಳಿತಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಅರ್ಧ ಗಂಟೆಯಲ್ಲಿ ಕಂಡುದು ಅವನ ಪ್ರಾಣವನ್ನೂ ಉಳಿಸುವುದು, ದಂಡೆಯ ಜೀವಿಗಳ ಪ್ರಾಣವನ್ನೂ ಉಳಿಸುವುದು.

ಕುಳಿತು ನೋಡಬೇಕಾದುದು ಮೊದಲು ಅಲೆಗಳನ್ನು. ದಡದಿಂದ ಸ್ವಲ್ಪ ದೂರದಲ್ಲಿ, ನೀರಿನ ಒಳಗೆ, ಮರಳಿನ ದಿಣ್ಣೆಯೊಂದು ದಡಕ್ಕೆ ಸಮಾನಾಂತರವಾಗಿ ಮಲಗಿರುತ್ತದೆ. ಅಲೆಗಳು ಅದರ ಮೇಲೆ ಮುರಿದು ಹೊತ್ತು ತಂದ ಜಲರಾಶಿಯೆಲ್ಲವೂ ಮತ್ತೆ ಕಡಲಿಗೆ ಮರಳಲೇಬೇಕಷ್ಟೆ. ಅದು ದಿಣ್ಣೆಯಲ್ಲಿ ಎಲ್ಲಿ ಸಡಿಲವಿದೆಯೋ ಅಲ್ಲಿ ಕಂಡಿಯನ್ನು ಕೊರೆದು, ಇಕ್ಕಟ್ಟಾದ ಕಾಲುವೆಯಂತೆ ಹೊರಕ್ಕೆ ಧಾವಿಸುತ್ತದೆ. ಇದೇ ಸೆಳವು. ಇದರ ದೊಡ್ಡ ಅಪಾಯವಿರುವುದು ಇದರ ಸೌಮ್ಯವಾದ ರೂಪದಲ್ಲಿ: ಎಡಕ್ಕೂ ಬಲಕ್ಕೂ ಅಲೆಗಳು ಬೆಳ್ಳಗೆ ನೊರೆಯೆದ್ದು ಮುರಿಯುತ್ತಿರುವಾಗ ನಡುವಣ ಪಟ್ಟಿಯೊಂದರಲ್ಲಿ ಮಾತ್ರ ಅಲೆ ಮುರಿಯುವುದಿಲ್ಲ, ನೀರು ಕಪ್ಪಾಗಿ, ಶಾಂತವಾಗಿ, ಕರೆಯುವಂತೆ ತೋರುತ್ತದೆ, ಮಕ್ಕಳನ್ನು ಕರೆತಂದ ತಂದೆಯು ಇದೇ ಸುರಕ್ಷಿತವಾದ ಸ್ಥಳವೆಂದು ಭ್ರಮಿಸಿ ಅಲ್ಲಿಯೇ ಅವರನ್ನು ಇಳಿಸುತ್ತಾನೆ. ಐದು ನಿಮಿಷ ಕಣ್ಣಿಟ್ಟು ನೋಡಿದರೆ ನೊರೆಯ ತುಣುಕುಗಳೂ ಕಲಕಿದ ಮರಳೂ ಆ ಪಟ್ಟಿಯಲ್ಲಿ ದಡದತ್ತ ಬಾರದೆ ಕಡಲತ್ತ ತೇಲಿಹೋಗುತ್ತಿರುವುದು ಗೋಚರವಾಗುತ್ತದೆ.

ಅದರಲ್ಲಿ ಸಿಕ್ಕಿಬಿದ್ದವನನ್ನು ಸೆಳವು ತಳಕ್ಕೆ ಎಳೆಯುವುದಿಲ್ಲವೆಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಅದು ಹೊರಕ್ಕೆ ಒಯ್ಯುತ್ತದೆ, ಅಲೆ ಮುರಿಯುವ ಸಾಲನ್ನು ದಾಟಿದ ಮೇಲೆ ಅದರ ಬಲ ಕುಂದುತ್ತದೆ. ಮನುಷ್ಯನು ಸಾಯುವುದು ಅದಕ್ಕೆ ಎದುರಾಗಿ ನೇರವಾಗಿ ದಡಕ್ಕೆ ಈಜಲು ಹೆಣಗಿ, ದಣಿದು, ಉಸಿರು ಕಳೆದುಕೊಂಡು. ಬೆನ್ನ ಮೇಲೆ ತೇಲುತ್ತಾ, ಕೈಯೆತ್ತಿ ಕರೆಯುತ್ತಾ, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಮುರಿಯುವ ಕಡೆಗೆ ಸೇರಿ, ಆ ಅಲೆಗಳ ಬೆನ್ನೇರಿ ಮರಳಿ ಬರುವುದೊಂದೇ ಉಪಾಯ. ದಡದಲ್ಲಿ ನಿಂತವರು ಹಗ್ಗವನ್ನೋ, ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಬೇಕೇ ಹೊರತು ಹಾಗೆಯೇ ಧುಮುಕಬಾರದು. ಒಬ್ಬನನ್ನು ಉಳಿಸಹೋಗಿ ಒಡಹುಟ್ಟಿದವರೂ ಗೆಳೆಯರೂ ಕೂಡಿಯೇ ಮುಳುಗಿದ ವಾರ್ತೆಯನ್ನು ನಮ್ಮ ಕರಾವಳಿ ವರ್ಷವರ್ಷವೂ ಕೇಳುತ್ತಿದೆ, ಕೇಳಿದಾಗಲೆಲ್ಲ ನನ್ನ ಎದೆ ನಡುಗುತ್ತದೆ.

ಅಳಿವೆಯ ಬಾಯಲ್ಲಂತೂ ಇಳಿತದ ಹೊತ್ತಿನಲ್ಲಿ ಹೊಳೆಯ ಹರಿವೂ ಕಡಲಿನ ಸೆಳೆತವೂ ಕೂಡಿಕೊಳ್ಳುವುದರಿಂದ ಅಲ್ಲಿ ಈಜುವ ಮಾತೇ ಇಲ್ಲ. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೇ ನಿಷೇಧವಿರುವ ದಿನಗಳಲ್ಲಿ, ಮೊಣಕಾಲುದ್ದದ ನೀರೂ ಬೇಡ.

ಇನ್ನು ಮರಳು. ಉಬ್ಬರವು ಬಿಟ್ಟುಹೋದ ಕಸಕಡ್ಡಿಯ ಗೆರೆಯೊಂದು ದಂಡೆಯುದ್ದಕ್ಕೂ ಇರುತ್ತದೆ. ಅದರ ಕೆಳಗಿನ ಗಟ್ಟಿಯಾದ ಒದ್ದೆ ಮರಳೇ ನಮ್ಮ ದಾರಿ. ಗೆರೆಯ ಮೇಲಣ ಒಣಮರಳು ಬೇರೆಯವರ ಮನೆ. ಅಲ್ಲಿ ಆಡಿನ ಗೊರಸಿನಂತೆ ಸೀಳಿದ ಎಲೆಯ, ನೇರಳೆ ಹೂವಿನ ಅಡುಂಬು ಬಳ್ಳಿಯು ಹಬ್ಬಿ, ಗಾಳಿಗೆ ಹಾರಿಹೋಗುವ ಮರಳನ್ನು ತನ್ನ ಬೇರುಗಳಿಂದ ಹಿಡಿದು ನಿಲ್ಲಿಸುತ್ತದೆ. ಅದರ ಮೇಲೆ ಜೀಪನ್ನು ಓಡಿಸಿ ಆನಂದಪಡುವವರನ್ನು ಕಂಡರೆ ನನಗೆ ತಡೆಯಲಾರದ ದುಃಖವಾಗುತ್ತದೆ. ಚಳಿಗಾಲದಲ್ಲಿ ಹಿಮಾಲಯದಾಚೆಯ ಎತ್ತರದ ಬಯಲುಗಳಿಂದ ಹಾರಿಬಂದ, ಮರಳಿನದೇ ಬಣ್ಣದ ಪುಟ್ಟ ಹಕ್ಕಿಗಳು ಅಲೆಯಂಚಿನಲ್ಲಿ ಓಡಿ ನಿಂತು ಓಡಿ ಮೇಯುತ್ತಿರುತ್ತವೆ. ಫೋಟೋ ತೆಗೆಯಲೆಂದು ಅವನ್ನು ಎಬ್ಬಿಸಿದಾಗಲೆಲ್ಲ, ಮರುಪ್ರಯಾಣಕ್ಕೆಂದು ಕೂಡಿಟ್ಟ ಕೊಬ್ಬಿನಲ್ಲಿ ಒಂದಿಷ್ಟನ್ನು ನಾವು ಕಸಿದುಕೊಂಡಂತೆಯೇ ಸರಿ. ನಾಯಿಯನ್ನು ದಯವಿಟ್ಟು ಮನೆಯಲ್ಲಿಯೇ ಬಿಟ್ಟುಬನ್ನಿ.

ಆದರೆ ಆ ಮರಳಿಗೆ ಪರಮಾತಿಥಿಯೆಂದರೆ ಕಡಲಾಮೆ. ಆಲಿವ್ ರಿಡ್ಲೆಯೆಂಬ ಈ ಜಾತಿಯು ಒಡಿಶಾದ ಗಹಿರಮಾಥಾ, ಋಷಿಕುಲ್ಯಾ ತೀರಗಳಲ್ಲಿ ಲಕ್ಷಗಟ್ಟಲೆಯಾಗಿ ಏರಿಬಂದರೆ, ನಮ್ಮ ಕರಾವಳಿಯಲ್ಲಿ ಒಂಟೊಂಟಿಯಾಗಿ, ಕತ್ತಲೆಯಲ್ಲಿ, ಯಾರಿಗೂ ತಿಳಿಯದಂತೆ ಬರುತ್ತದೆ; ಆದುದರಿಂದಲೇ ಇಲ್ಲಿನ ಒಂದೊಂದು ಗೂಡೂ ಅಮೂಲ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ, ಹುಲಿಯಿರುವ ಪಟ್ಟಿಯಲ್ಲಿಯೇ, ಇದಕ್ಕೂ ಸ್ಥಾನವಿದೆ. ಹಿಂಗಾಲಿನ ಈಜುರೆಕ್ಕೆಗಳಿಂದ ಒಂದೂವರೆ ಅಡಿ ಆಳದ, ಹೂಜಿಯ ಆಕಾರದ ಕುಳಿಯನ್ನು ತೋಡಿ, ಸುಮಾರು ನೂರು ಮೊಟ್ಟೆಗಳನ್ನಿಟ್ಟು, ಮುಚ್ಚಿ, ತಾಯಿಯು ಹಿಂದಿರುಗಿ ನೋಡದೆ ಹೊರಟುಹೋಗುತ್ತದೆ. ಆರೇಳು ವಾರಗಳ ಮೇಲೆ ಮರಿಗಳನ್ನು ಹೊರತರುವುದು ಬಿಸಿಲು ಕಾಯಿಸಿದ ಮರಳೇ. ಹುಟ್ಟುವುದು ಹೆಣ್ಣೋ ಗಂಡೋ ಎಂಬುದನ್ನು ನಿರ್ಣಯಿಸುವುದೂ ಆ ಮರಳಿನ ಶಾಖವೇ, ಹೆಚ್ಚು ಬೆಚ್ಚಗಿದ್ದರೆ ಹೆಣ್ಣು.

ಹದಿನೈದು ವರ್ಷಗಳ ಹಿಂದೆ, ಮಾಘಮಾಸದ ಒಂದು ರಾತ್ರಿ, ಅಲೆಯಂಚಿನಲ್ಲಿ ಕಪ್ಪಾದುದೇನೋ ಚಲಿಸಿದಂತಾಗಲು ನಾನು ಹರ್ಷದ ಭರದಲ್ಲಿ ಬ್ಯಾಟ್ರಿಯನ್ನು ಹೊತ್ತಿಸಿದೆನು. ಒದ್ದೆಯಾಗಿ ಮಿರುಗುವ ಬೆನ್ನಿನ ಚಿಪ್ಪು ಕ್ಷಣಮಾತ್ರ ಕಂಡಿತು, ನಿಂತಿತು, ತಿರುಗಿತು. ಬೆಳಗ್ಗೆ ಹೋಗಿ ನೋಡಿದರೆ ಮರಳಿನ ಮೇಲೆ ಬಂದ ಜಾಡೂ ಹೋದ ಜಾಡೂ ಕೂಡಿ ಒಂದು ಅರ್ಧವೃತ್ತವಾಗಿತ್ತು, ನಡುವೆ ಕುಳಿಯಿರಲಿಲ್ಲ. ಮೊಟ್ಟೆಯಿಡುವ ಮುನ್ನ ಬೆಳಕಿಗೂ ಅಲುಗಾಟಕ್ಕೂ ಬೆದರಿ ತಾಯಿ ಹೀಗೆ ಹಿಂದಿರುಗುವುದೆಂದು ನನಗೆ ಅಂದು ತಿಳಿದಿರಲಿಲ್ಲ. ಆ ಗೆರೆಯನ್ನು ನಾನು ಇಂದಿಗೂ ಮರೆತಿಲ್ಲ.

ಆ ಬೆಳಗ್ಗೆ ಅದನ್ನು ನನ್ನೊಡನೆ ನೋಡಿದವರು ಅಲ್ಲಿಯ ಮೀನುಗಾರ ಹಿರಿಯರೊಬ್ಬರು. ಅವರು ಬೈಯಲಿಲ್ಲ. ಮರುವರ್ಷ ಅವರೇ ಕರೆದರು. ಗಾಳಿಮರಗಳ ನೆರಳಿನಲ್ಲಿ ಬಹಳ ಹೊತ್ತು ಕುಳಿತೆವು; ನಾನು ಜೇಬಿಗೆ ಕೈಹಾಕಿದುದನ್ನು ಕಂಡು, “ಬ್ಯಾಟ್ರಿ ಬ್ಯಾಡ ಮಾಸ್ತರೇ, ಕಿವಿಗೊಟ್ಟು ಕೇಳಿ” ಎಂದರು. ಮೊದಲು ಮರಳು ಎರಚುವ ಸದ್ದು. ಆಮೇಲೆ ದೀರ್ಘವಾದ ಮೌನ. ಅನಂತರ, ನಾನು ಜೀವಮಾನದಲ್ಲಿ ಎಂದೂ ಕೇಳದಿದ್ದ, ಮೆತ್ತನೆಯ ಮದ್ದಳೆಯ ನುಡಿತದಂತಹ ಧಪ್ ಧಪ್ ಎಂಬ ಶಬ್ದ. ಮುಚ್ಚಿದ ಗೂಡಿನ ಮೇಲೆ ತಾಯಿಯು ತನ್ನ ಚಿಪ್ಪನ್ನು ಅತ್ತಿಂದಿತ್ತ ಹೊರಳಿಸಿ ಮರಳನ್ನು ಬಡಿದು ಗಟ್ಟಿಮಾಡುತ್ತಿತ್ತು.

ಅದು ನೀರಿಗಿಳಿದು ಕಾಣದಾದ ಮೇಲೆ ಹಿರಿಯರು ಒಣಗಿದ ತೆಂಗಿನ ಮಡಲನ್ನು ಎಳೆದು ತಂದು, ನಾಯಿನರಿಗಳೂ ಮೊಟ್ಟೆಗಳ್ಳರೂ ಗುರುತು ಹಿಡಿಯದಂತೆ, ಗೂಡಿನಿಂದ ಕಡಲಿನವರೆಗಿನ ಜಾಡನ್ನು ಅಂಗಳ ಗುಡಿಸುವ ಶ್ರದ್ಧೆಯಿಂದ ಗುಡಿಸಿದರು. ಬೆಳಗಾಗುತ್ತಲೇ ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಿದರು. ಅವರು ಬಂದು ಸುತ್ತ ಬಲೆಯ ಬೇಲಿ ಕಟ್ಟಿದರು. ಮರಿಗಳು ಬಾನಂಚಿನ ಮಂದ ಬೆಳಕನ್ನೇ ನಂಬಿ ಕಡಲತ್ತ ತೆವಳುವುವು, ಬೀದಿದೀಪವೋ ಬೆಂಕಿಯೋ ಮೊಬೈಲಿನ ಹೊಳಪೋ ಕಂಡರೆ ದಾರಿತಪ್ಪಿ ಊರಿನತ್ತ ಹೊರಳುವುವು, ಅವನ್ನು ಕೈಯಲ್ಲಿ ಎತ್ತಿ ನೀರಿಗೆ ಬಿಡುವುದೂ ಸಲ್ಲದೆಂಬುದನ್ನೆಲ್ಲ ನಾನು ಕಲಿತುದು ಆ ಬೇಲಿಯ ಬಳಿ ನಿಂತು.

ಐವತ್ತೆರಡನೆಯ ದಿನದ ಸಂಜೆ ಫೋನ್ ಬಂದಿತು. “ಮಾಸ್ತರೇ, ಗೂಡಿನ ಮೇಲಿನ ಮರಳು ಕುಸೀತಾ ಅದೆ. ಬನ್ನಿ. ಬ್ಯಾಟ್ರಿ ಮನೇಲೇ ಇಟ್ಟು ಬನ್ನಿ.”