ಬದುವಿನ ಲೆಕ್ಕಕ್ಕೆ ಉಪಗ್ರಹದ ಸಾಕ್ಷಿ

ಊರ್ಡಿಗೆರೆ ಹೋಬಳಿಯ ಹೊಲಗಳಲ್ಲಿ ಒಂದಡಿ ಬದುವಿಗೂ ಬೆಲೆಯಿದೆ. 33 ಅಡಿಯ ಸರಪಳಿ ಎಳೆದು ಮಾಡುತ್ತಿದ್ದ ಹದ್ದುಬಸ್ತಿನ ಕೆಲಸಕ್ಕೆ ರಾಜ್ಯದ ಭೂಮಾಪಕರ ಕೈಗೆ ಈಗ ಉಪಗ್ರಹ ಸಂಕೇತ ಹಿಡಿದು ಸ್ಥಾನ ಅಳೆಯುವ ರೋವರ್ ಉಪಕರಣ ಬಂದಿದೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ತಪ್ಪಬಹುದು. ಬಯಲಿನಲ್ಲಿ ರೋವರ್ ತಪ್ಪುವುದು ಎರಡು-ಮೂರು ಸೆಂಟಿಮೀಟರ್ ಮಾತ್ರ. ಸರ್ವೆ ಆಫ್ ಇಂಡಿಯಾದ ಸ್ಥಿರ ಕೇಂದ್ರಗಳು ಉಪಗ್ರಹ ಸಂಕೇತದ ದೋಷವನ್ನು ಸದಾ ಗಮನಿಸುತ್ತವೆ. ಅದರ ತಿದ್ದುಪಡಿ ಮೊಬೈಲ್ ಜಾಲದ ಮೂಲಕ ಕ್ಷಣದಲ್ಲೇ ರೋವರಿಗೆ ತಲುಪುತ್ತದೆ. ದಟ್ಟ ಅಡಿಕೆ ತೋಟದೊಳಗೆ ಸಂಕೇತ ಕುಂದುತ್ತದೆ. ಅಲ್ಲಿ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಉಪಕರಣ ನೆರವಾಗಬೇಕು. ಹೀಗೆ ಅಳೆದ ಬಾಂದುಕಲ್ಲು ಕಿತ್ತುಹೋದರೂ ಅದರ ಅಕ್ಷಾಂಶ, ರೇಖಾಂಶ ದಾಖಲೆಯಲ್ಲಿ ಉಳಿಯುತ್ತವೆ. ಆದರೆ ಹಳೆಯ ಸರ್ವೆ ಟಿಪ್ಪಣಿ ಓದಿ ಗಡಿ ತೀರ್ಮಾನಿಸುವ ಜಾಣ್ಮೆ ಭೂಮಾಪಕರದೇ. ಅಳತೆಯ ದಿನ ಅಕ್ಕಪಕ್ಕದ ಹಿಡುವಳಿದಾರರೂ ಜೊತೆಗಿರಲಿ. ಎಲ್ಲರೂ ಒಪ್ಪಿದ ಗಡಿಯೇ ಬಾಳುತ್ತದೆ.